ಕಣ್ಣು ಕೊಟ್ಟು ಒಳಗ ಬರ್ರಿ

ಇಲಾಖೆಯ ಕಾರ್ಯದರ್ಶಿಗಳ ಕಣ್ಣು ಹೋಳಿಗೆಯ ಮೇಲೆ ನಿಂತಿತ್ತು. ಸಭಾಂಗಣದಲ್ಲಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು.

ಧಾರವಾಡದ ದೃಶ್ಯ ಸಂಶೋಧನಾಲಯದ ಉದ್ದನೆಯ ಗೋಡೆಯ ಮೇಲೆ ಒಂದು ಮನೆಯ ಪಡಸಾಲೆ ಮೂಡಿತ್ತು. ಅಲ್ಲಿ ಕುಬಸ ನಡೆದಿತ್ತು. ಚೊಚ್ಚಲು ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ ಮಣೆಯ ಮೇಲೆ ಕೂರಿಸಿದ್ದರು. ಸುತ್ತ ಹೆಂಗಸರು, ಆರತಿ, ಓಡಾಡುವ ಮಕ್ಕಳು, ಮೂಲೆಯ ಮೇಜಿನ ಮೇಲೆ ಅಡುಗೆಯ ಸಾಲು. ಗೋಡೆಯೆದುರು ಕುರ್ಚಿಯಲ್ಲಿ ಕೂತ ಕಾರ್ಯದರ್ಶಿಗಳಿಗೆ ಇದೆಲ್ಲ ಎದುರಿಗೇ ನಡೆದಷ್ಟು ನಿಚ್ಚಳವಾಗಿತ್ತು. ಅವರ ಹಿಂದೆ ನಿಂತವರಿಗೆ ಮಾತ್ರ ಇಡೀ ಗೋಡೆ ಮಂಜು. ಆ ಮಂಜಿನಲ್ಲಿ ಒಂದೇ ಒಂದು ಕಡೆ, ಚಹಾ ಕುಡಿಯುವ ಬಸಿಯಷ್ಟು ಅಗಲದ ದುಂಡನೆಯ ಜಾಗ ಸ್ಪಷ್ಟವಾಗಿತ್ತು. ಅದರೊಳಗೆ ತುಪ್ಪ ಸವರಿದ ಹೋಳಿಗೆ ಹೊಳೆಯುತ್ತಿತ್ತು. ಬಸಿ ಆಗಾಗ ಆರತಿಯ ಕಡೆಗೋ ಬಸುರಿಯ ಕಡೆಗೋ ಚಂಗನೆ ಹಾರಿ, ಮತ್ತೆ ಹೋಳಿಗೆಗೇ ಬಂದು ಕೂರುತ್ತಿತ್ತು.

ಹಿಂದೆ ಯಾರೋ ಕಿಸಕ್ಕೆಂದರು. "ಸಾಹೇಬ್ರದು ನಾಷ್ಟಾ ಆಗಿಲ್ಲ ಕಾಣ್ತದ್ರಿ."

"ಏನಾತು? ಯಾಕ ನಗ್ತೀರಿ?" ಕಾರ್ಯದರ್ಶಿಗಳು ತಿರುಗಿ ಕೇಳಿದರು. ಅವರು ತಿರುಗಿದೊಡನೆ ಗೋಡೆ ಪೂರ್ತಿ ಮಂಜಾಯಿತು. ನಗು ಇನ್ನೂ ಹೆಚ್ಚಿತು.

"ಕೈ ಮುಂದ ಚಾಚಿ ನಿಮ್ಮ ಹೆಬ್ಬೆರಳಿನ ಉಗುರು ನೋಡ್ರಿ ಸರ್," ಎಂದ ವಿರೂಪಾಕ್ಷ ಕಡಪಟ್ಟಿ. ಗೋಡೆಯನ್ನು ರೂಪಿಸಿದ ತಂಡದ ಮುಖ್ಯ ವಿಜ್ಞಾನಿ ಅವನು. "ನಮಗ ಖರೇ ಸ್ಪಷ್ಟ ಕಾಣೋದು ಆ ಉಗುರಿನಷ್ಟ ಜಾಗಾ. ಉಳಿದದ್ದನ್ನ ಮೆದುಳು ಅಂದಾಜಿನ ಮ್ಯಾಲ ತುಂಬಿಕೊಳ್ತೈತಿ. ಹಂಗಿದ್ದ ಮ್ಯಾಲ ಇಡೀ ಗ್ವಾಡಿ ಬರ್ಯೋದು ಯಾಕ? ಕಣ್ಣು ಎಲ್ಲೈತೋ ಅಲ್ಲಷ್ಟ ಬರದ್ರಾತು."

ಅವನ ಮಾತು ತಮಾಷೆಯಂತಿದ್ದರೂ ಅದರ ಹಿಂದೆ ಹತ್ತು ವರ್ಷದ ಕೆಲಸವಿತ್ತು. ಕಣ್ಣಿನ ಹಿಂಭಾಗದ ಪರದೆಯ ನಡುವೆ ಒಂದು ಪುಟ್ಟ ಗುಳಿಯಿದೆ. ಅಕ್ಷರ ಓದುವುದು, ಮುಖ ಗುರುತಿಸುವುದು ಎಲ್ಲ ಆ ಗುಳಿಯ ಕೆಲಸ. ಒಮ್ಮೆಗೆ ಸ್ವಲ್ಪವೇ ಕಾಣುವುದರಿಂದ ಕಣ್ಣು ಸೆಕೆಂಡಿಗೆ ಮೂರು ಬಾರಿ ಜಿಗಿಯುತ್ತಿರುತ್ತದೆ. ಜಿಗಿಯುವ ಆ ಕ್ಷಣದಲ್ಲಿ ಮನುಷ್ಯ ಕುರುಡ. ಆದರೆ ಮೆದುಳು ಅದನ್ನು ಅವನಿಗೆ ತಿಳಿಯಗೊಡುವುದಿಲ್ಲ. ಗೋಡೆಯ ಅಂಚಿನ ಕ್ಯಾಮೆರಾಗಳು ಪಾಪೆಯ ಚಲನೆಯನ್ನು ಹಿಡಿದು, ಕಣ್ಣು ಎಲ್ಲಿಗೆ ಇಳಿಯುತ್ತದೆಂದು ಊಹಿಸಿ, ಆ ಕುರುಡು ಕ್ಷಣದೊಳಗೇ ಅಲ್ಲಿಯ ಚಿತ್ರವನ್ನು ಬರೆದು ಮುಗಿಸುತ್ತಿದ್ದವು. ಕಣ್ಣು ಬರುವಷ್ಟರಲ್ಲಿ ಎಲ್ಲ ಸಿದ್ಧ. ನೋಟದ ಅಂಚಿನಲ್ಲಿ ಯಂತ್ರ ಬರೆಯುತ್ತಿದ್ದುದು ವಸ್ತುವನ್ನಲ್ಲ, ವಸ್ತು ಇದ್ದಂತೆ ಅನಿಸುವ ಗಜಿಬಿಜಿಯನ್ನು. ಕಸೂತಿಯ ಸೆರಗಿದ್ದಲ್ಲಿ ಇರುವೆಯ ಸಾಲಿನಂಥದ್ದೇನೋ ಇರುತ್ತಿತ್ತು. ನೇರ ನೋಡಿದಾಗಷ್ಟೇ ಅದು ಗೋಪುರವಾಗಿ, ಆನೆಯಾಗಿ, ತುಳಸಿಕಟ್ಟೆಯಾಗಿ ಬಿಡಿಸಿಕೊಳ್ಳುತ್ತಿತ್ತು.

ಆ ಕಾಲಕ್ಕೆ ಇಂಥದ್ದೊಂದು ಉಪಾಯ ಬೇಕೇ ಆಗಿತ್ತು. ಬಾವಿ ಪಂಪಿಗೆ ಇದ್ದಂತೆ ಕಂಪ್ಯೂಟರಿಗೂ ಕರೆಂಟಿನ ರೇಷನ್ ಬಂದು ಹಲವು ವರ್ಷಗಳಾಗಿದ್ದವು. ದೇಶದ ವಿದ್ಯುತ್ತಿನ ದೊಡ್ಡ ಪಾಲು ಯಾರೂ ನೋಡದ ಚಿತ್ರಗಳನ್ನು ಬರೆಯಲು ಖರ್ಚಾಗುತ್ತಿತ್ತು. ವಿರೂಪಾಕ್ಷನ ಗೋಡೆಗೆ ಬೇಕಾದದ್ದು ಎರಡು ದೀಪ ಉರಿಯುವಷ್ಟು.

"ಒಂದ ತೊಂದರೆ," ಎಂದ ಅವನು. "ಒಬ್ಬರಿಗಷ್ಟ ಬರೀತೈತಿ. ಉಳಿದವರಿಗೆ ಮಂಜು. ಈಗ ನಾ ಕುಂಡ್ರತೀನಿ, ನೀವು ಹಿಂದ ನಿಂತು ನೋಡ್ರಿ."

ಕುರ್ಚಿಯಲ್ಲಿ ಅವನು ಕೂತ. ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಮಂದಾಕಿನಿ ನಿಂತಿದ್ದಳು. ಗೋಡೆಯ ಮೇಲೆ ಮೂಡಿದ್ದ ಪಡಸಾಲೆ ಅವಳದೇ, ಮಣೆಯ ಮೇಲೆ ಕೂತ ಬಸುರಿ ಅವಳ ನಾದಿನಿ. ಪ್ರಯೋಗಕ್ಕೆಂದು ಆ ದಿನ ಮನೆತುಂಬ ಕ್ಯಾಮೆರಾ ಹಚ್ಚಿ ಚಿತ್ರೀಕರಿಸಿಕೊಂಡಿದ್ದರು. ಅಂದು ಮಂದಾಕಿನಿ ಉಟ್ಟಿದ್ದು ತಾನೇ ಕಸೂತಿ ಹಾಕಿದ ಕರಿ ಇಳಕಲ್ ಸೀರೆ. ಎಳೆ ಎಣಿಸಿ ಎಣಿಸಿ ಒಂದು ಬೇಸಿಗೆಯಿಡೀ ಹಾಕಿದ್ದಳು. ಈಗ ಮಂಜಿನ ಎಡಬದಿಯಲ್ಲಿ ಇರುವೆಸಾಲು ಹೊತ್ತ ಕಪ್ಪು ಆಕೃತಿಯೊಂದು ಬಾಗಿ ಆರತಿ ಹಿಡಿದಿತ್ತಲ್ಲ, ಅದೇ ತಾನು ಎಂದು ಗುರುತಿಸಿ ಅವಳಿಗೆ ನಗು ಬಂತು. ಇನ್ನೇನು ಬಸಿ ಅಲ್ಲಿಗೆ ಬರುತ್ತದೆ, ತನ್ನ ಸೆರಗು ಎಲ್ಲರೆದುರು ಬಿಚ್ಚಿಕೊಳ್ಳುತ್ತದೆ ಎಂದು ಕಾದಳು.

ಬಸಿ ಮಣೆಯ ಮೇಲೆ ಮೂಡಿತು. ಅವನ ತಂಗಿಯ ಮುಖ. ಅಲ್ಲಿಂದ ದೀಪಕ್ಕೆ. ದೀಪದಿಂದ ಬಾಗಿಲಿಗೆ. ಬಾಗಿಲ ಬಳಿ ಹಳದಿ ಸೀರೆಯುಟ್ಟು ನಿಂತಿದ್ದವಳು ಶರ್ವರಿ ಕುಲಗೋಡ, ವಿರೂಪಾಕ್ಷನ ತಂಡದ ವಿಜ್ಞಾನಿ. ಬಸಿ ಅವಳ ಮುಖದ ಮೇಲೆ ನಿಂತಿತು. ಮಗುವೊಂದು ಓಡಿ ಬಂತು, ಅದರ ಹಿಂದೆ ಎರಡು ಹೆಜ್ಜೆ ಹೋಗಿ ಮತ್ತೆ ಶರ್ವರಿಗೆ ಮರಳಿತು. ಮೇಜು, ಶರ್ವರಿ. ಆರತಿಯ ತಟ್ಟೆ, ಶರ್ವರಿಯ ಕೈಬಳೆ. ಆರತಿಯ ತಟ್ಟೆಯಿಂದ ಬಾಗಿಲಿಗೆ ಹೋಗುವಾಗ ಬಸಿ ಕರಿ ಸೀರೆಯನ್ನು ದಾಟಿತು. ನಿಲ್ಲಲಿಲ್ಲ.

ಯಾರೋ ಗಂಟಲು ಸರಿಮಾಡಿಕೊಂಡರು. ಪಕ್ಕದಲ್ಲಿದ್ದ ಪ್ರೊಫೆಸರೊಬ್ಬರ ಹೆಂಡತಿ ಕಮಲಾಕ್ಷಿಬಾಯಿ ಮಂದಾಕಿನಿಯ ಕಿವಿಯ ಹತ್ತಿರ ಬಂದರು. "ಏನವಾ, ನಿಮ್ಮವರ ಬಸಿಗೆ ಭಾಳ ನೀರಡಿಕಿ ಆಗೇದಲ್ಲ."

ಎರಡು ಹೆಜ್ಜೆ ಆಚೆ ನಿಂತಿದ್ದ ಶರ್ವರಿ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು.

ಇಡೀ ಸಭಾಂಗಣದಲ್ಲಿ ವಿಷಯ ತಿಳಿಯದವನೆಂದರೆ ವಿರೂಪಾಕ್ಷ ಒಬ್ಬನೇ. ಅವನಿಗೆ ಮಂಜೂ ಕಾಣುತ್ತಿರಲಿಲ್ಲ, ಬಸಿಯೂ ಕಾಣುತ್ತಿರಲಿಲ್ಲ. ಎಲ್ಲವೂ ಸ್ಪಷ್ಟವಾಗಿದ್ದ ಪಡಸಾಲೆಯೆದುರು ಕೂತು ಅವನು ಉತ್ಸಾಹದಿಂದ ಕೇಳಿದ: "ಹ್ಯಾಂಗೈತ್ರಿ?"

ಮನೆಗೆ ಬರುವ ದಾರಿಯಲ್ಲಿ ಮಂದಾಕಿನಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಕರ್ನಾಟಕ ಕಾಲೇಜು ದಾಟಿದ ಮೇಲೆ ಬಾಯಿಬಿಟ್ಟಳು.

"ಶರ್ವರಿ ಸೀರಿ ಚಂದ ಇತ್ತಲ್ಲ ಅವತ್ತ."

"ಯಾವ ಸೀರಿ?"

"ಅಷ್ಟು ಸಲ ನೋಡಿ ಬಣ್ಣಾ ಗೊತ್ತಿಲ್ಲೇನು?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಾರನ್ನು ಬದಿಗೆ ನಿಲ್ಲಿಸಿದ. ನಿರಾಕರಿಸಬಹುದಿತ್ತು, ಆದರೆ ಮಾಡಲಿಲ್ಲ. ಅಳತೆಗೆ ಸಿಕ್ಕದ್ದನ್ನು ಅಲ್ಲಗಳೆಯುವುದು ಅವನ ಸ್ವಭಾವದಲ್ಲೇ ಇರಲಿಲ್ಲ.

"ನೋಡಿರಬೇಕು. ಗ್ವಾಡಿ ಸುಳ್ಳು ಹೇಳೂದಿಲ್ಲ."

"ಯಾಕ ನೋಡಿದ್ರಿ?"

"ಮಂದಾ, ಕಣ್ಣು ಸೆಕೆಂಡಿಗೆ ಮೂರು ಸಲ ಹಾರ್ತೈತಿ. ಅದರಾಗ ನಾ ಬೇಕಂತ ಹಾರ್ಸೋದು ಒಂದೂ ಇರಲಿಕ್ಕಿಲ್ಲ. ವಿಚಾರ ಹುಟ್ಟೋಕಿಂತ ಮೊದಲ ಕಣ್ಣು ಹೋಗಿ ಬಂದಿರ್ತೈತಿ."

"ಹಂಗಾರ ಮತ್ಯಾರು ಹಾರಸ್ತಾರ?"

"ಅದು ಗೊತ್ತಿದ್ರ ಹತ್ತು ವರ್ಷ ಯಾಕ ಹಿಡೀತಿತ್ತು?"

ಅವಳಿಗೆ ಬೇಕಿದ್ದ ಉತ್ತರ ಅದಾಗಿರಲಿಲ್ಲ. ವಿಚಾರ ಹುಟ್ಟುವ ಮೊದಲೇ ಹೋಗುತ್ತದೆ ಎಂದರೆ ಇನ್ನೂ ಕೆಟ್ಟದ್ದೇ ಆಯಿತು. ವಿಚಾರ ಮಾಡಿ ನೋಡಿದ್ದನ್ನಾದರೆ ಬೈದು ಬಿಡಿಸಬಹುದು. ವಿಚಾರಕ್ಕಿಂತ ಮೊದಲಿನದನ್ನು ಯಾರು ಬಿಡಿಸಬೇಕು?

ಮುಂದಿನ ವಾರ ಸಂಶೋಧನಾಲಯಕ್ಕೆ ರಜೆಯಿದ್ದ ಮಧ್ಯಾಹ್ನ ಅವಳೇ ಹಟ ಹಿಡಿದಳು. "ನಾನೂ ಕುಂಡ್ರತೀನಿ ಕುರ್ಚಿಮ್ಯಾಗ. ಅದ ಕುಬಸಾ ಹಚ್ರಿ." ಎಲ್ಲವನ್ನೂ ಒಂದು ಸಲ ಸ್ಪಷ್ಟವಾಗಿ ನೋಡಿದರೆ ಗಂಡನ ಕಣ್ಣು ಬಾಗಿಲಿಗೆ ಯಾಕೆ ಹೋಯಿತೆಂದು ತಿಳಿದೀತು ಎಂದು ಅವಳ ಲೆಕ್ಕ. ಅವನು ಚಾಲೂ ಮಾಡಿ ಅವಳ ಹಿಂದೆ ನಿಂತ.

ಅವಳು ನೋಡಿದಳು. ಬಾಗಿಲು, ಹಳದಿ ಸೀರೆ, ಮೂಗಿನ ಪಕ್ಕದ ಮಚ್ಚೆ. ನಗುವಾಗ ಶರ್ವರಿಯ ಎಡಗೆನ್ನೆಯಲ್ಲಿ ಬೀಳುವ ಸಣ್ಣ ಗುಳಿ. ಕೈಯಲ್ಲಿ ಎರಡೇ ಬಳೆ, ಅದೂ ಜೋಡಿಯಲ್ಲ. ಕೂದಲಲ್ಲಿ ಅಬ್ಬಲಿಗೆ ಒಂದು ಬದಿಗೆ ಜಾರಿತ್ತು. ಇಷ್ಟರಲ್ಲಿ ಏನಿದೆ, ಏನು ಕಂಡು ಮರುಳಾದರು ಎಂದು ಹುಡುಕಿದಳು. ದೃಶ್ಯ ಮುಗಿಯಿತು.

ಹಿಂದಿನಿಂದ ವಿರೂಪಾಕ್ಷನ ದನಿ ಬಂತು. ಅದರಲ್ಲಿ ಕೋಪವಿರಲಿಲ್ಲ.

"ಅಕಿ ಬಾಜೂಕ ನಾ ನಿಂತಿದ್ದೆ ಮಂದಾ. ಹೂವಿನ ಬುಟ್ಟಿ ಹಿಡಕೊಂಡು. ನಿನ್ನ ಬಸಿ ಒಂದು ಸಲಾನೂ ನನ್ನ ಕಡೆ ಬರಲಿಲ್ಲ."

ಅವಳಿಗೆ ಕಸಿವಿಸಿಯಾಯಿತು. ಕಸಿವಿಸಿಯಾದಾಗ ಅವಳ ಮಾತು ಚುರುಕಾಗುತ್ತಿತ್ತು. "ನಿಮ್ಮನ್ನೇನು ನೋಡೋದು? ಮನ್ಯಾಗ ಇರಾವರು. ದಿನಾ ಕಾಣ್ತೀರಿ."

ಅವನು ನಕ್ಕು ಗೋಡೆ ಆರಿಸಿದ.

ವರ್ಷದೊಳಗೆ ಮನೆಗಳಿಗೆ ಚಿಕ್ಕ ಗೋಡೆ ಬಂತು. ಅದರ ಉದ್ದೇಶ ನೆನಪು. ಚಾವಣಿಯ ಮೂಲೆಯಲ್ಲಿ ಸಾಸಿವೆಯಷ್ಟು ಕ್ಯಾಮೆರಾಗಳು ದಿನವಿಡೀ ಕೋಣೆಯನ್ನು ನೋಡುತ್ತಿದ್ದವು, ಕೋಣೆಯಲ್ಲಿದ್ದವರ ಕಣ್ಣು ಎಲ್ಲೆಲ್ಲಿ ಹೋಯಿತೆಂದೂ ನೋಡುತ್ತಿದ್ದವು. ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ, ಕರೆಂಟೂ ಇಲ್ಲ. ಆದ್ದರಿಂದ ವಿರೂಪಾಕ್ಷ ಒಂದು ಸರಳ ನಿಯಮ ಮಾಡಿದ್ದ. ಆ ದಿನ ಯಾರಾದರೂ ನೇರವಾಗಿ ನೋಡಿದ್ದು ಉಳಿಯುತ್ತದೆ. ಯಾರೂ ನೋಡದ್ದು ಮರುದಿನ ಬೆಳಗಾಗುವಷ್ಟರಲ್ಲಿ ಮಂಜಾಗಿ ಹೋಗುತ್ತದೆ. "ಚಹಾ ಸೋಸಿದ್ಹಂಗ," ಎನ್ನುತ್ತಿದ್ದ. "ನೋಡಿದ್ದು ಬಸಿಗೆ, ನೋಡದ್ದು ಚೆಲ್ಲೋದು." ಸಂಶೋಧನಾಲಯದ ಹಳೆಯ ಚಿತ್ರಗಳನ್ನೂ ಹಾಗೆಯೇ ಸೋಸಿದರು. ಕಾನೂನು ಇನ್ನೊಂದು ನಿಯಮ ಸೇರಿಸಿತು: ಯಾರ ಕಣ್ಣಿನಿಂದ ಉಳಿದದ್ದೋ ಅದು ಅವರದೇ. ಅವರೇ ಗೋಡೆಯೆದುರು ಕೂತರೆ ಮಾತ್ರ ಬೀಗ ತೆರೆಯುತ್ತದೆ, ಸತ್ತರೆ ಬೀಗ ಗಂಡನಿಗೋ ಹೆಂಡತಿಗೋ ಸೇರುತ್ತದೆ. ಅತಿಥಿಗಳ ಕಣ್ಣನ್ನು ಅವರನ್ನು ಕೇಳದೆ ಬರೆದುಕೊಳ್ಳುವಂತಿಲ್ಲ.

ಹೀಗಾಗಿ ಧಾರವಾಡದಲ್ಲಿ ಹೊಸದೊಂದು ರೂಢಿ ಬಂತು. ಬಾಗಿಲಲ್ಲಿ ನಿಂತ ಅತಿಥಿ ಮೇಲಿನ ಕ್ಯಾಮೆರಾ ನೋಡಿ ಹೂಂ ಅನ್ನಬೇಕು. ಯಜಮಾನಿತಿಯರು ಕಾಲಿಗೆ ನೀರು ಕೊಟ್ಟಷ್ಟೇ ಸಹಜವಾಗಿ, "ಕಣ್ಣು ಕೊಟ್ಟು ಒಳಗ ಬರ್ರಿ," ಎನ್ನತೊಡಗಿದರು. ಕೊಡದವರೂ ಇದ್ದರು. ವಿರೂಪಾಕ್ಷನ ತಾಯಿ ಪಾರವ್ವ ನವಲಗುಂದದಿಂದ ಬಂದಾಗ ಹೊಸ್ತಿಲಲ್ಲೇ ಜಗಳ ತೆಗೆದಳು. "ನಾ ಕೊಡಾಂಗಿಲ್ಲವಾ. ನನಗ ಇರೋದು ಎರಡ. ಅದರಾಗ ಒಂದಕ್ಕ ಪರೆ ಬಂದೈತಿ."

ಪಾರವ್ವನಿಗೆ ಮಂದಾಕಿನಿ ಒತ್ತಾಯ ಮಾಡಲಿಲ್ಲ. ಆದರೆ ಶರ್ವರಿಯ ವಿಷಯದಲ್ಲಿ ಅವಳು ಒಂದು ದಿನವೂ ಬಿಡಲಿಲ್ಲ.

ಶರ್ವರಿ ವಾರಕ್ಕೊಮ್ಮೆಯಾದರೂ ಬರುತ್ತಿದ್ದಳು. ಗೋಡೆಯ ಲೆಕ್ಕಾಚಾರದ ಕೆಲಸ ಮನೆಯಲ್ಲೂ ನಡೆಯುತ್ತಿತ್ತು. ವಿರೂಪಾಕ್ಷನೂ ಅವಳೂ ಎದುರುಬದುರು ಕೂತು, ಚಹಾ ಆರಿಹೋಗುವವರೆಗೆ ವಾದ ಮಾಡುತ್ತಿದ್ದರು. ಮಂದಾಕಿನಿ ಕಿಟಕಿಯ ಪಕ್ಕ ಕಸೂತಿ ಹಿಡಿದು, ಗಂಡನಿಗೆ ಅರ್ಧ ಬೆನ್ನು ಮಾಡಿ, ಶರ್ವರಿಯ ಮುಖ ಕಾಣುವಂತೆ ಕೂರುತ್ತಿದ್ದಳು. ಗಂಡನನ್ನು ನೋಡಿ ಪ್ರಯೋಜನವಿರಲಿಲ್ಲ. ಅವನಿಗೇ ಗೊತ್ತಿಲ್ಲದ್ದು ಅವನ ಮುಖದಲ್ಲೇನು ಕಂಡೀತು? ಏನಾದರೂ ಇದ್ದರೆ ಶರ್ವರಿಯ ಮುಖದಲ್ಲಿ ಬಂದೇ ಬರುತ್ತದೆ ಎಂದು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಎಳೆ ತಪ್ಪುತ್ತಿತ್ತು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ತಪ್ಪಿದರೆ ಮೊದಲಿನಿಂದ ಬಿಚ್ಚಬೇಕು. ಬಿಚ್ಚುತ್ತ ಮತ್ತೆ ನೋಡುತ್ತಿದ್ದಳು.

ಒಮ್ಮೆ ಶರ್ವರಿ ಬಾಗಿಲಲ್ಲಿ ನಿಂತು ಹೇಳಿದಳು, "ವೈನಿ, ಇವತ್ತ ಕಣ್ಣು ಮನ್ಯಾಗ ಮರತು ಬಂದೇನ್ರಿ."

"ಹಂಗಾರ ಹೊರಗ ಕುಂಡ್ರವಾ. ಚಹಾ ಅಲ್ಲೇ ತಂದುಕೊಡ್ತೀನಿ."

"ನನ್ನ ಬೀಗ ನೀವೇನು ತೆರಿಯಾಕ ಬರೂದಿಲ್ಲಲ್ಲ. ಸುಮ್ಮನ ಇಟಗೊಂಡು ಏನ ಮಾಡ್ತೀರಿ?"

"ಇರಲಿ. ಇದ್ರ ಇರತೈತಿ."

ಒಳಗೆ ಕೂತ ವಿರೂಪಾಕ್ಷ ಕೂಗಿದ, "ಕೊಟ್ಟು ಬಾ ಮಾರಾಯ್ತಿ. ಅಕಿ ಬಿಡಾಂಗಿಲ್ಲ."

ಶರ್ವರಿ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ನಗು ಮಾಯವಾಗಿತ್ತು. ಆಮೇಲೆ ಮುಖ ಮೇಲೆತ್ತಿ ಹೂಂ ಎಂದು ಒಳಗೆ ಬಂದಳು. ಆ ಕ್ಷಣದ ಅಂಜಿಕೆಯನ್ನು ಮಂದಾಕಿನಿ ಗಮನಿಸಿದಳು. ಅವಳ ಸಂಶಯಕ್ಕೆ ಅದೇ ಸಾಕಾಗಿತ್ತು. ಬೀಗದೊಳಗೆ ಸಾಕ್ಷಿ ಬೆಳೆಯುತ್ತಿದೆ, ತೆರೆಯುವ ಕಾಲ ಎಂದಾದರೂ ಬರುತ್ತದೆ ಎಂದುಕೊಂಡಳು.

ಆ ವರ್ಷದ ಮಾರ್ಗಶಿರದಲ್ಲಿ ವಿರೂಪಾಕ್ಷ ಹುಬ್ಬಳ್ಳಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡ. ಮುಖ ನೋಡುವ ಹಾಗಿರಲಿಲ್ಲ. ಮುಚ್ಚಿಯೇ ತಂದರು, ಮುಚ್ಚಿಯೇ ಒಯ್ದರು.

ಬಂದವರೆಲ್ಲ ಹೋದ ಮೇಲೆ ಪಾರವ್ವ ಉಳಿದಳು. ಒಂದು ದಿನ ಊಟ ಮಾಡುತ್ತ ಕೇಳಿದಳು, "ಗ್ವಾಡ್ಯಾಗ ಇರ್ತಾನಂತಲ್ಲ ನನ್ನ ಮಗಾ? ತೋರಸವಾ ಒಂದೀಟು."

ಮಂದಾಕಿನಿ ಅದುವರೆಗೆ ಗೋಡೆಯ ಹತ್ತಿರ ಹೋಗಿರಲಿಲ್ಲ. ಹೋಗುವ ಧೈರ್ಯವಿಲ್ಲ ಎನ್ನುತ್ತಿದ್ದಳು. ನಿಜವಾಗಿ ಅವಸರವಿಲ್ಲ ಎಂದುಕೊಂಡಿದ್ದಳು. ಇದ್ದೇ ಇರುತ್ತದಲ್ಲ. ಊಟ ಮುಗಿಸಿ, ಕೈ ತೊಳೆದು, ಕುರ್ಚಿ ಎಳೆದು ಕೂತಳು. ಪಾರವ್ವ ಹಿಂದೆ ನಿಂತಳು.

ಪಡಸಾಲೆ ಮೂಡಿತು. ಕಿಟಕಿ, ಕಸೂತಿಯ ಚೌಕಟ್ಟು, ತನ್ನದೇ ಬೆರಳುಗಳು. ಎದುರಿನ ಕುರ್ಚಿಯಲ್ಲಿ ಶರ್ವರಿ. ಮೂಗಿನ ಪಕ್ಕದ ಮಚ್ಚೆ, ಎಡಗೆನ್ನೆಯ ಗುಳಿ, ಚಹಾದ ಕಪ್ಪಿನ ಅಂಚಿಗೆ ತಾಗಿದ ತುಟಿ. ಎಲ್ಲವೂ ಕೈಯಲ್ಲಿ ಮುಟ್ಟುವ ಹಾಗೆ. ಅವಳು ಬಲಕ್ಕೆ ನೋಡಿದಳು. ಅಲ್ಲಿ ವಿರೂಪಾಕ್ಷ ಕೂತಿದ್ದ. ಹೆಗಲಿತ್ತು, ಕೈ ಬೀಸುವ ರೀತಿಯೂ ಅವನದೇ. ದನಿಯೂ ಅವನದು. ಮುಖದ ಜಾಗದಲ್ಲಿ ಮಾತ್ರ ಮುಖವಿದ್ದಂತೆ ಅನಿಸುವ ಗಜಿಬಿಜಿ. ಕಣ್ಣು ಹೋದಲ್ಲಿಗೆ ಸ್ಪಷ್ಟತೆ ಹೋಗಬೇಕಿತ್ತು. ಹೋಗಲಿಲ್ಲ. ಬಸಿ ಬಂದು ಮಂಜಿನ ಮೇಲೆಯೇ ಕೂತಿತು, ಅದರೊಳಗೆ ತೋರಿಸಲು ಏನೂ ಇರಲಿಲ್ಲ.

ಬೇರೆ ದಿನ ತೆಗೆದಳು. ಇನ್ನೊಂದು ದಿನ. ಶರ್ವರಿ ಬಾರದ ದಿನಗಳಲ್ಲಿ ಅವಳು ನೋಡಿದ್ದು ಒಲೆ, ಎಳೆ, ಫೋನು, ಹಾಲಿನ ಪಾತ್ರೆ. ಗಂಡನೊಡನೆ ಮಾತಾಡುವಾಗಲೂ ಅವಳ ಕಣ್ಣು ಕೈಯ ಕೆಲಸದ ಮೇಲಿರುತ್ತಿತ್ತು. ಒಂದು ಕಡೆ ಅವನ ಅಂಗಿಯ ಗುಂಡಿ ಸ್ಪಷ್ಟವಾಗಿತ್ತು. ಅದು ಕಿತ್ತುಬಂದಿತ್ತು, ಹೊಲಿಯಬೇಕಿತ್ತು. ಕುಬಸದ ಚಿತ್ರ ತೆಗೆದರೆ ಬಾಗಿಲ ಬಳಿ ಹಳದಿ ಸೀರೆ ಝಗಝಗಿಸುತ್ತಿತ್ತು. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದ ನೆರಳು.

ಅವನ ಬೀಗ ಈಗ ಅವಳದು. ಅದನ್ನೂ ತೆರೆದಳು. ಅವನ ಕಣ್ಣು ಉಳಿಸಿದ್ದು ಕಾಗದಗಳನ್ನು, ವಾದಿಸುವ ಶರ್ವರಿಯನ್ನು, ಚಹಾದ ಕಿಟ್ಲಿಯನ್ನು. ನಡುನಡುವೆ ಕಿಟಕಿಯ ಕಡೆ ಬಗ್ಗಿದ ಒಂದು ಕುತ್ತಿಗೆ, ಬಿಗಿದು ಕಟ್ಟಿದ ತುರುಬು, ಕಿವಿಯ ಹಿಂದಿನ ಕೂದಲು. ಅದು ತನ್ನ ಬೆನ್ನು ಎಂದು ಗುರುತಿಸಲು ಅವಳಿಗೆ ಹೊತ್ತು ಹಿಡಿಯಿತು. ಅವನ ಮುಖ ಅಲ್ಲಿಯೂ ಇರಲಿಲ್ಲ. ತನ್ನ ಮುಖ ತಾನೇ ಯಾರು ನೋಡಿಕೊಳ್ಳುತ್ತಾರೆ?

"ಎಲ್ಲದಾನ?" ಎಂದಳು ಪಾರವ್ವ.

ಫೋಟೋಗಳಿದ್ದವು. ಮದುವೆಯದು, ಗುರುತಿನ ಚೀಟಿಯದು. ಫೋಟೋದಲ್ಲಿದ್ದವನು ಫೋಟೋಕ್ಕೆಂದು ನಿಂತವನು. ಪಾರವ್ವ ಅವನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. "ಇದಲ್ಲವಾ. ಮಾತಾಡೋದು ಬೇಕು ನನಗ."

ಅವನ ಮುಖವನ್ನು ನೋಡಿದವರು ಯಾರು ಎಂದು ಮಂದಾಕಿನಿ ಯೋಚಿಸಿದಳು. ಉತ್ತರ ಹುಡುಕಬೇಕಾಗಿರಲಿಲ್ಲ.

ಎರಡು ದಿನ ಬಿಟ್ಟು ಸಂಶೋಧನಾಲಯಕ್ಕೆ ಹೋದಳು. ಶರ್ವರಿ ವಿರೂಪಾಕ್ಷನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದಳು. ಅವನ ಕುರ್ಚಿ ಖಾಲಿಯಿತ್ತು. ಮಂದಾಕಿನಿಯನ್ನು ಕಂಡು ಎದ್ದುನಿಂತಳು.

"ನಿನ್ನ ಬೀಗ ತೆರೀಬೇಕು," ಎಂದಳು ಮಂದಾಕಿನಿ. "ಮನೀಗೆ ಬಾ."

ಶರ್ವರಿಯ ಮುಖ ಬಿಳಿಚಿತು. "ವೈನಿ, ಬ್ಯಾಡ್ರಿ. ಈಗ ಅದನ್ನ ತಗೊಂಡು ಏನು ಸಿಗ್ತೈತ್ರಿ ನಿಮಗ? ಅವರಿಗೆ ಏನೂ ಗೊತ್ತಿರಲಿಲ್ಲ. ನಾನೂ ಒಂದು ಮಾತು ಆಡಿದಾಕಿ ಅಲ್ಲ. ಬರೇ..."

"ಬರೇ ನೋಡ್ತಿದ್ದಿ."

"ಹೂಂ."

ಮಂದಾಕಿನಿ ಇಷ್ಟು ದಿನ ಕಾದ ಮಾತು ಅದೇ. ಕೇಳಿದ ಮೇಲೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟು ಸಲ ಆಡಿಕೊಂಡಿದ್ದಳೋ. ಈಗ ಅದರಲ್ಲಿ ಒಂದೂ ನೆನಪಾಗಲಿಲ್ಲ. ಒಂದೇ ಕೇಳಿದಳು. "ಮುಖಾನ ನೋಡ್ತಿದ್ದ್ಯಲ್ಲ?"

ಶರ್ವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತಲೆಯಾಡಿಸಿ, ಕಣ್ಣೊರೆಸಿಕೊಂಡು, ಚೀಲ ತೆಗೆದುಕೊಂಡಳು.

ಸಂಜೆ ನಾಲ್ಕರ ಬಿಸಿಲು ಪಡಸಾಲೆಯೊಳಗೆ ಬಿದ್ದಿತ್ತು. ಮಂದಾಕಿನಿ ಪರದೆ ಎಳೆದಳು. ಕುರ್ಚಿಯಲ್ಲಿ ಶರ್ವರಿ ಕೂತಳು. ಹಿಂದೆ ಮಂದಾಕಿನಿಯೂ ಪಾರವ್ವನೂ ನಿಂತರು. ಅವರಿಗೆ ಕಂಡದ್ದು ಮಂಜು.

ಮಂಜಿನಲ್ಲಿ ಬಸಿ ಮೂಡಿತು. ಮೇಜಿನ ಅಂಚು. ಕಾಗದ, ಪೆನ್ನು. ಅಲ್ಲಿಂದ ಚಂಗನೆ ಮೇಲಕ್ಕೆ ಹಾರಿ ನಿಂತಿತು.

ವಿರೂಪಾಕ್ಷ ಮಾತಾಡುತ್ತಿದ್ದ. ಒಂದು ಹುಬ್ಬು ಮೇಲೆತ್ತಿ, ಹೇಳಬೇಕಾದ್ದು ಹೇಳುವ ಮುಂಚೆಯೇ ನಗು ಬಂದು, ಆ ನಗುವನ್ನು ತಡೆದುಕೊಳ್ಳುತ್ತ. ಗದ್ದದ ಬಲಬದಿಗೆ ಕ್ಷೌರದ ಸಣ್ಣ ಗಾಯ. ಕನ್ನಡಕದ ಎಡಗಾಜಿನ ಮೇಲೆ ಬೆರಳಿನ ಗುರುತು. ಕಿವಿಯ ಬಳಿ ನರೆತ ಕೂದಲು, ಅದು ಯಾವಾಗ ನರೆಯಿತೋ ಮಂದಾಕಿನಿಗೆ ಗೊತ್ತಿರಲಿಲ್ಲ. ಅವನು ನೇರವಾಗಿ ನೋಡುತ್ತಿದ್ದ. ಆ ನೋಟ ಯಾರ ಕಡೆಗಿತ್ತೆಂದು ಅವಳಿಗೆ ಗೊತ್ತು. ಅದು ತನ್ನದಲ್ಲ, ತನಗೆಂದು ಬಂದದ್ದಲ್ಲ. ಗೊತ್ತಿದ್ದೂ ಅದರ ಎದುರು ನಿಂತಳು.

"ಹಾಂ. ಇವನ," ಎಂದಳು ಪಾರವ್ವ ಮೆಲ್ಲಗೆ.

ಬಸಿ ಅಲುಗಿತು. ಚಹಾದ ಕಪ್ಪಿಗೆ ಹಾರಿತು. ಆ ದಿನ ಹಾರಿದ ಜಾಡಿನಲ್ಲೇ ಶರ್ವರಿಯ ಕಣ್ಣು ಈಗಲೂ ಹಾರಿರಬೇಕು. ಅಥವಾ ಈಗ ಹಿಂದೆ ನಿಂತವಳ ಭಯಕ್ಕೆ ಹಾರಿತೋ. ಮುಖ ಮಂಜಾಯಿತು.

"ಕಣ್ಣು ತಗೀಬ್ಯಾಡ," ಎಂದಳು ಮಂದಾಕಿನಿ.

ಬಸಿ ಮರಳಿತು. ಅವನ ಬಾಯಿ, ಮೂಗು, ಕಣ್ಣು. ಆಮೇಲೆ ಅಂಚೆಲ್ಲ ನಡುಗಿ ಕದಡತೊಡಗಿತು. ಶರ್ವರಿಯ ಕಣ್ಣಲ್ಲಿ ನೀರು ತುಂಬಿತ್ತು, ಪಾಪೆಯ ಜಾಡು ಯಂತ್ರಕ್ಕೆ ಸಿಗುತ್ತಿರಲಿಲ್ಲ. ಮಂದಾಕಿನಿ ಮುಂದೆ ಬಂದು, ಸೆರಗಿನ ಚುಂಗಿನಿಂದ ಅವಳ ಕಣ್ಣೊರೆಸಿದಳು. ಅವಳ ಕೈ ಮೃದುವಾಗೇನೂ ಇರಲಿಲ್ಲ.

"ಅಳಬ್ಯಾಡ. ಆಮ್ಯಾಲ ಅಳುವಂತಿ. ಅವರನ್ನ ನೋಡು. ಬಿಡಬ್ಯಾಡ, ನೋಡು."

ಶರ್ವರಿ ನೋಡಿದಳು. ಅವಳು ನೋಡಿದಷ್ಟು ಹೊತ್ತು ಅವನು ಇದ್ದ.

ಮುಂದೆ ಶರ್ವರಿ ಗೋಡೆಯ ನಿಯಮಗಳನ್ನು ನೋಡಿಕೊಳ್ಳುವ ಸಮಿತಿಗೊಂದು ಮನವಿ ಕೊಟ್ಟಳು. ಮನೆಮಂದಿಯ ಮುಖಗಳನ್ನು ಯಾರು ನೋಡಲಿ ಬಿಡಲಿ ಉಳಿಸಬೇಕು, ಸೋಸುವ ನಿಯಮ ಮುಖಗಳಿಗೆ ಅನ್ವಯಿಸಬಾರದು ಎಂದು. ಸಮಿತಿ ಸಹಾನುಭೂತಿಯಿಂದಲೇ ಓದಿತು. ಯಾರೂ ನೋಡದ್ದನ್ನು ಕಾಪಾಡಲು ಬೇಕಾದ ವಿದ್ಯುತ್ತು ಎಲ್ಲಿಂದ ತರುವುದು ಎಂದು ಕೇಳಿತು. ಮನವಿ ಅಲ್ಲಿಗೇ ನಿಂತಿತು. ನಿಯಮವನ್ನು ಯಂತ್ರ ಹೊಸದಾಗಿ ತಂದದ್ದೂ ಅಲ್ಲ. ಗೋಡೆ ಹುಟ್ಟುವ ಎಷ್ಟೋ ಕಾಲ ಮೊದಲು, ಮನುಷ್ಯನ ತಲೆಯೊಳಗೆ ಇದೇ ಸೋಸುವಿಕೆ ದಿನವೂ ನಡೆದಿತ್ತು. ಆಗ ಚೆಲ್ಲಿಹೋದದ್ದು ಏನೆಂದು ತೋರಿಸುವ ಗೋಡೆ ಇರಲಿಲ್ಲ, ಅಷ್ಟೇ.

ಶರ್ವರಿ ಈಗಲೂ ವಾರಕ್ಕೊಮ್ಮೆ ಬರುತ್ತಾಳೆ. ಮಂದಾಕಿನಿ ಅವಳನ್ನು ಪ್ರೀತಿಸುವುದಿಲ್ಲ. ಬಾಗಿಲು ತೆರೆದು ಕುರ್ಚಿ ಹಾಕುತ್ತಾಳೆ.

ಉಳಿದ ದಿನ ಅತ್ತೆ ಸೊಸೆ ಇಬ್ಬರೇ. ಪಾರವ್ವ ಅಕ್ಕಿ ಆರಿಸುತ್ತಿದ್ದಳು ಒಂದು ಬೆಳಿಗ್ಗೆ. ತಲೆಯೆತ್ತಿದರೆ ಸೊಸೆ ಕಸೂತಿ ಕೆಳಗಿಟ್ಟು ತನ್ನನ್ನೇ ನೋಡುತ್ತಿದ್ದಾಳೆ.

"ಏನವಾ, ಹಂಗ್ಯಾಕ ನೋಡಾಕತ್ತಿ? ಮಾರಿಗೆ ಏನರ ಹತ್ತೈತೇನು?"

"ಏನಿಲ್ರಿ," ಎಂದಳು ಮಂದಾಕಿನಿ. "ನೋಡಾಕತ್ತೇನಿ."